ಹೊನ್ನಿನ ಬಾಳು, ನೀರಿನ ಬಾಳು

ಪಟ್ಟಣವೊಂದು ಬಹುಕಾಲ ಬಾಳಬೇಕಾದರೆ ಅದರ ಆಧಾರವು ಅಕ್ಷಯವಾಗಿರಬೇಕು. ಕೋಲಾರ ಸೀಮೆಯ ಚರಿತ್ರೆಯಲ್ಲಿ ಇದಕ್ಕೆ ಎರಡು ದೃಷ್ಟಾಂತಗಳು ಅಕ್ಕಪಕ್ಕದಲ್ಲಿಯೇ ದೊರೆಯುವುವು: ಒಂದು ಚಿನ್ನದ ಗಣಿ, ಇನ್ನೊಂದು ಬೇತಮಂಗಲದ ಕೆರೆ.

1880ರಲ್ಲಿ ಜಾನ್ ಟೇಲರ್ ಸಂಸ್ಥೆಯವರು ಗಣಿಕೆಲಸವನ್ನು ಕೈಕೊಂಡ ಬಳಿಕ ಬರಡು ನೆಲದಲ್ಲಿ ಮಹಾಪಟ್ಟಣವೆದ್ದಿತು. 1902ರಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿಯು ಬೆಂಗಳೂರಿಗಿಂತ ಮೂರು ವರ್ಷ ಮೊದಲೇ ಇಲ್ಲಿಗೆ ಬಂದಿತು. ಚಾಂಪಿಯನ್ ರೀಫ್ ಗಣಿಯು ಮೂರು ಕಿಲೋಮೀಟರಿಗಿಂತಲೂ ಆಳಕ್ಕಿಳಿಯಿತು. ಆದರೆ ಹೊನ್ನು ಕ್ಷೀಣಿಸಿ ವೆಚ್ಚವು ಬೆಳೆದು, 2001ನೆಯ ಫೆಬ್ರವರಿ 28ರಂದು ಗಣಿಗಳು ಮುಚ್ಚಿದುವು. ಉಳಿದುವು ಸಯನೈಡ್ ಸೋಂಕಿದ ಮಣ್ಣಿನ ದಿಬ್ಬಗಳು. ಉಳಿದವರು ಜೀವನೋಪಾಯಕ್ಕಾಗಿ ದಿನವೂ ರೈಲೇರಿ ಬೆಂಗಳೂರಿಗೆ ಹೋಗಿಬರುವ ಜನರು.

ಉತ್ತರಧ್ರುವದ ಹಿಮಮಂಡಲದಲ್ಲಿಯೂ ಇಂಥ ಪಟ್ಟಣಗಳುಂಟು. ಸ್ವೀಡನ್ನಿನ ಕಿರುಣಾ ಕಬ್ಬಿಣದ ಗಣಿಯಿಂದಲೇ ಹುಟ್ಟಿದ ಊರು. ಅಗೆತದಿಂದ ನೆಲವು ಕುಸಿಯತೊಡಗಿದುದರಿಂದ ಊರನ್ನೇ ಪೂರ್ವದ ಕಡೆಗೆ ಸಾಗಿಸುತ್ತಿರುವರು. 2025ರ ಆಗಸ್ಟಿನಲ್ಲಿ ಅಲ್ಲಿಯ ಮರದ ಇಗರ್ಜಿಯನ್ನು ಇಡಿಯಾಗಿ ಗಾಲಿಗಳ ಮೇಲೆ ಕೊಂಡೊಯ್ದರು. ವೆಚ್ಚವನ್ನು ಗಣಿಯ ಸಂಸ್ಥೆಯೇ ಹೊರುತ್ತಿದೆ. ಗಣಿ ನಡೆಯುತ್ತಿರುವಾಗಲೇ ಊರಿನ ಮುಂದಣ ಬಾಳನ್ನು ಚಿಂತಿಸುವ ಈ ಏರ್ಪಾಡು ನಮ್ಮ ಗಣಿಪಟ್ಟಣಕ್ಕೆ ದೊರೆಯಲಿಲ್ಲ.

ಆ ಗಣಿಪಟ್ಟಣಕ್ಕೆ ಕುಡಿಯುವ ನೀರನ್ನಿತ್ತುದು ಪಾಲಾರಿನ ನೀರನ್ನು ತಡೆದು ನಿಲ್ಲಿಸಿದ ಬೇತಮಂಗಲದ ಕೆರೆ. ಶಾಸನಗಳಲ್ಲಿ ವಿಜಯಾದಿತ್ಯಮಂಗಲವೆಂದು ಹೆಸರುಗೊಂಡ ಆ ಊರಿನ ಕೆರೆಯು ಹತ್ತನೆಯ ಶತಮಾನದಲ್ಲಿ ನೊಳಂಬ ಅರಸರ ಕಾಲದಲ್ಲಿಯೇ ಜೀರ್ಣೋದ್ಧಾರವನ್ನು ಕಂಡಿತು. ಸಾವಿರ ವರ್ಷಗಳ ಈ ಆಯುಸ್ಸಿನ ಗುಟ್ಟು ಕಟ್ಟಿದವರ ಕೀರ್ತಿಗಿಂತ ಕಾಪಾಡಿದವರ ಶ್ರದ್ಧೆಯಲ್ಲಿದೆ. ಒಂದರ ಕೋಡಿ ಹರಿದು ಮತ್ತೊಂದು ತುಂಬುವ ಕೆರೆಗಳ ಸಾಲು, ತೂಬು ತೆರೆದು ಸರದಿಯಂತೆ ನೀರು ಹಂಚುವ ನೀರುಗಂಟಿ, ಬೇಸಗೆಯಲ್ಲಿ ಹೂಳೆತ್ತುವ ಗ್ರಾಮಸ್ಥರು: ಜೀವನದಿಯಿಲ್ಲದ ಈ ಸೀಮೆಗೆ ಇವರೇ ನದಿಯಾದರು.

ಕೊಳವೆಬಾವಿ ಬಂದ ಮೇಲೆ ಈ ಶ್ರದ್ಧೆ ಸಡಿಲಿತು. ಮಾಲೂರಿನ ತರಕಾರಿ ಹೊಲಗಳಿಂದ ಮುಳಬಾಗಿಲು, ಶ್ರೀನಿವಾಸಪುರಗಳ ಮಾವಿನ ತೋಪುಗಳವರೆಗೆ ನೀರಿಗಾಗಿ ಸಾವಿರ ಅಡಿಗಿಂತಲೂ ಆಳಕ್ಕೆ ಕೊರೆದರು. ಅನೇಕ ಕಡೆ ಫ್ಲೋರೈಡ್ ಬೆರೆತ ನೀರೇ ದೊರೆಯಿತು. ಹೊನ್ನನ್ನು ಅಗೆದಂತೆ ನೀರನ್ನೂ ಅಗೆದುದೇ ಇದು. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆನೀರು ಲಕ್ಷ್ಮೀಸಾಗರದ ಕೆರೆಗೆ ಬಂದು, ಅಲ್ಲಿಂದ ಮುಂದಣ ಕೆರೆಗಳನ್ನು ಹಳೆಯ ಸಾಲಿನಲ್ಲಿಯೇ ತುಂಬುತ್ತಿದೆ. ಅದರ ಶುದ್ಧಿಯ ವಿಷಯದಲ್ಲಿ ರೈತರ ಶಂಕೆ ಇನ್ನೂ ತೀರಿಲ್ಲ. ಮೂರನೆಯ ಹಂತದ ಶುದ್ಧೀಕರಣವನ್ನು ಅವರು ಕೇಳುತ್ತಿರುವುದು ನ್ಯಾಯವೇ ಸರಿ. ನೀರು ಹೊರಗಿನಿಂದ ಬಂದೀತು; ಹೂಳೆತ್ತುವ ಕೈಗಳು ಮಾತ್ರ ಊರಿನವೇ ಆಗಬೇಕು.