ಉಚ್ಚಂಗಿಯ ಗಿರಿದುರ್ಗ

ಹುಣ್ಣಿಮೆಯ ದಿನ ಹರಪನಹಳ್ಳಿ ಸೀಮೆಯ ಜನ ಉಚ್ಚಂಗಿದುರ್ಗದ ಮೆಟ್ಟಿಲು ಹತ್ತುವುದು ಎಲ್ಲಮ್ಮನ ದರ್ಶನಕ್ಕೆ. ನೀವೂ ಹತ್ತಿರಬಹುದು. ಇನ್ನೊಮ್ಮೆ ಹೋದಾಗ ಹಣ್ಣು ಕಾಯಿ ಮಾಡಿಸಿದೊಡನೆ ಇಳಿದುಬಿಡಬೇಡಿ. ಪಾಳುಬಿದ್ದ ಕೋಟೆಗೋಡೆಗಳ ಕಡೆಗೂ ನಾಲ್ಕು ಹೆಜ್ಜೆ ಹಾಕಿ.

ಇದು ಮೊದಲು ನೊಳಂಬರ ಕೋಟೆ, ಆಮೇಲೆ ಉಚ್ಚಂಗಿಯ ಪಾಂಡ್ಯರದು. ಆದರೆ ಇದರ ಬಲ ಎಷ್ಟೆಂಬುದನ್ನು ಇದನ್ನು ಗೆದ್ದವರ ಬಾಯಿಂದಲೇ ಕೇಳಬೇಕು. 974ರ ಸುಮಾರಿಗೆ ತೀರಿಕೊಂಡ ಗಂಗರ ದೊರೆ ಇಮ್ಮಡಿ ಮಾರಸಿಂಹನ ಸಾಹಸಗಳನ್ನು ಶ್ರವಣಬೆಳಗೊಳದ ಕೂಗೆ ಬ್ರಹ್ಮದೇವರ ಕಂಬದ ಶಾಸನ ಕೊಂಡಾಡುತ್ತದೆ. ಉಚ್ಚಂಗಿಯನ್ನು ಹಿಡಿದದ್ದೂ ಅವುಗಳಲ್ಲೊಂದು. ನೊಳಂಬರ ಪಾಲಿಗೆ ಅವನು 'ನೊಳಂಬಕುಲಾಂತಕ'ನೇ ಆದ.

ಎರಡು ಶತಮಾನಗಳ ತರುವಾಯ, 1177ರ ಸುಮಾರಿಗೆ, ಹೊಯ್ಸಳರ ಇಮ್ಮಡಿ ಬಲ್ಲಾಳ ದಂಡೆತ್ತಿ ಬಂದ. ಚೋಳರು ಹನ್ನೆರಡು ವರ್ಷ ಮುತ್ತಿಗೆ ಹಾಕಿ ಕೈಬಿಟ್ಟ ಕೋಟೆಯನ್ನು ಇವನು ಲೀಲೆಯಿಂದ ವಶಮಾಡಿಕೊಂಡನೆಂದು ಹೊಯ್ಸಳ ಶಾಸನದ ಬಣ್ಣನೆ. ಶಾಸನಕವಿಗಳ ಲೆಕ್ಕವನ್ನು ಬೆರಳು ಮಡಿಸಿ ಎಣಿಸಬೇಕಾಗಿಲ್ಲ, ನಿಜ. ಆದರೂ ಬಲ್ಲಾಳನಿಗೆ ಈ ಗೆಲುವು ಸಾಮಾನ್ಯವಾಗಿರಲಿಲ್ಲ. 'ಗಿರಿದುರ್ಗಮಲ್ಲ', 'ಶನಿವಾರಸಿದ್ಧಿ' ಎಂಬ ಅವನ ಬಿರುದುಗಳು ಇದರಿಂದಲೇ ಬಂದವೆಂದು ವಿದ್ವಾಂಸರ ಮತ. ಗೆದ್ದ ವಾರವನ್ನೂ ಹೆಸರಿಗೆ ಅಂಟಿಸಿಕೊಂಡ ಅರಸರು ಎಷ್ಟು ಮಂದಿ ಇದ್ದಾರು?

ಶರಣಾಗತನಾದ ಪಾಂಡ್ಯನಿಗೆ ಅವನ ರಾಜ್ಯವನ್ನು ಬಲ್ಲಾಳ ಹಿಂದಿರುಗಿಸಿದನಂತೆ. ಇದೂ ಗೆದ್ದವರದೇ ಮಾತು. ಕೋಟೆಗೋಡೆಯ ಬಳಿ ನಿಂತಾಗ ಆ ಪಾಂಡ್ಯನನ್ನೂ ಒಮ್ಮೆ ನೆನೆಯಿರಿ. ತನ್ನ ಹಿರಿಯರು ಆಳಿದ ನಾಡನ್ನು ಅವನು ಹಗೆಯ ಕೈಯಿಂದ ದಾನವಾಗಿ ಪಡೆಯಬೇಕಾಯಿತು.