ಓಡುವ ಹುಲ್ಲೆಗೊಂದು, ನಿಂತ ಬಂಡೆಗೊಂದು: ಎರಡು ಹಳೆಯ ಕ್ಯಾಮೆರಾಗಳ ಹೋಲಿಕೆ

ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಸುತ್ತಲಿನ ಕುರುಚಲು ಕಾಡನ್ನು ಸರ್ಕಾರ 2019ರಲ್ಲಿ ಚಿಂಕಾರ ವನ್ಯಜೀವಿ ಧಾಮವೆಂದು ಘೋಷಿಸಿತು. ವಿಸ್ತೀರ್ಣ ಸುಮಾರು 136 ಚದರ ಕಿಲೋಮೀಟರ್. ಚಿಂಕಾರ ಎಂಬ ಹುಲ್ಲೆಯ ಜೊತೆಗೆ ಕೊಂಡುಕುರಿ, ಚಿರತೆಗಳೂ ಇಲ್ಲಿವೆ. ಪಕ್ಕದ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ 798 ಎಕರೆಯ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶವಿದೆ, ಅದು 2007ರದ್ದು. ಶಿರಾ ತಾಲ್ಲೂಕಿನದೇ ಕಗ್ಗಲಡುವಿನಲ್ಲಿ ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮರಗಳ ಮೇಲೆ ಗೂಡು ಕಟ್ಟುತ್ತವೆ. ಮಧುಗಿರಿಯ ಏಕಶಿಲಾ ಬೆಟ್ಟ, ಶಿರಾದ ಕೋಟೆ ಮತ್ತು ಜುಮ್ಮಾ ಮಸೀದಿ, ಪಾವಗಡದ ಸೋಲಾರ್ ಪಾರ್ಕ್ ಎಲ್ಲವೂ ಇದೇ ಸೀಮೆಯಲ್ಲಿವೆ. ಫೋಟೊ ತೆಗೆಯುವವರಿಗೆ ಇಷ್ಟು ಬಗೆಯ ವಸ್ತು ಇಷ್ಟು ಹತ್ತಿರ ಹತ್ತಿರ ಸಿಗುವ ಜಾಗಗಳು ಕಡಿಮೆ.

ತೊಡಕಿರುವುದೂ ಅಲ್ಲೇ. ಹುಲ್ಲೆಗೆ ಒಗ್ಗುವ ಕ್ಯಾಮೆರಾ ಕೋಟೆಗೆ ಅಷ್ಟಾಗಿ ಒಗ್ಗದು. ಹೊಸ ಮಿರರ್‌ಲೆಸ್ ಕ್ಯಾಮೆರಾಗಳ ಬೆಲೆ ಕೇಳಿ ಹಿಂದೆ ಸರಿದವರು ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್ ಹುಡುಕುತ್ತಾರೆ. ಹಾಗೆ ಹುಡುಕುವಾಗ ಒಟ್ಟೊಟ್ಟಿಗೆ ಎದುರಾಗುವ ಜೋಡಿಯೆಂದರೆ ಕ್ಯಾನನ್ 7ಡಿ ಮತ್ತು ಕ್ಯಾನನ್ 5ಡಿ ಮಾರ್ಕ್ 2. ಈ ಲೇಖನ ಅವೆರಡನ್ನು ಈ ಸೀಮೆಯ ಕಣ್ಣಿನಿಂದ ನೋಡುತ್ತದೆ.

ಒಂದೇ ಮನೆಯ ಎರಡು ಬಾಡಿ

5ಡಿ ಮಾರ್ಕ್ 2 ಘೋಷಣೆಯಾದದ್ದು 2008ರ ಸೆಪ್ಟೆಂಬರ್‌ನಲ್ಲಿ, 7ಡಿ ಘೋಷಣೆಯಾದದ್ದು ಮರುವರ್ಷದ ಸೆಪ್ಟೆಂಬರ್‌ನಲ್ಲಿ. ಎರಡರದ್ದೂ ಮೆಗ್ನೀಸಿಯಂ ಮೈಕಟ್ಟು. ತೂಕ ಒಂದು 810 ಗ್ರಾಂ, ಇನ್ನೊಂದು 820 ಗ್ರಾಂ. ಎಲ್‌ಪಿ-ಇ6 ಬ್ಯಾಟರಿ ಎರಡಕ್ಕೂ ಹೊಂದುತ್ತದೆ, ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡೂ ಹಾಗೆಯೇ. ಶಟರ್ ಒಂದೂವರೆ ಲಕ್ಷ ಕ್ಲಿಕ್ ತಾಳುತ್ತದೆ ಎಂದು ಕಂಪನಿ ಎರಡಕ್ಕೂ ಹೇಳಿತ್ತು. ಕೈಗೆತ್ತಿಕೊಂಡರೆ ಅಣ್ಣತಮ್ಮಂದಿರೇ ಸರಿ.

ವ್ಯತ್ಯಾಸ ಒಳಗಿದೆ. 5ಡಿ ಮಾರ್ಕ್ 2ರಲ್ಲಿ ಹಳೆಯ 35 ಮಿ.ಮೀ. ಫಿಲ್ಮಿನಷ್ಟೇ ದೊಡ್ಡದಾದ, ಅಂದರೆ 36 x 24 ಮಿ.ಮೀ. ಅಳತೆಯ ಫುಲ್ ಫ್ರೇಮ್ ಸೆನ್ಸರ್ ಇದೆ, 21.1 ಮೆಗಾಪಿಕ್ಸೆಲ್. 7ಡಿಯದ್ದು 22.3 x 14.9 ಮಿ.ಮೀ.ನ ಕ್ರಾಪ್ ಸೆನ್ಸರ್, 18 ಮೆಗಾಪಿಕ್ಸೆಲ್. ಮೊದಲನೆಯದು ಸೆಕೆಂಡಿಗೆ 3.9 ಚಿತ್ರ ತೆಗೆದರೆ ಎರಡನೆಯದು 8 ತೆಗೆಯುತ್ತದೆ. ಮೊದಲನೆಯದರಲ್ಲಿ 9 ಫೋಕಸ್ ಪಾಯಿಂಟ್, ಅವುಗಳಲ್ಲಿ ನಡುವಿನದೊಂದೇ ಕ್ರಾಸ್ ಬಗೆಯದು. ಎರಡನೆಯದರಲ್ಲಿ 19, ಅಷ್ಟೂ ಕ್ರಾಸ್ ಬಗೆಯವು. ಕ್ರಾಸ್ ಪಾಯಿಂಟ್ ಅಡ್ಡಗೆರೆ, ಲಂಬಗೆರೆ ಎರಡನ್ನೂ ಹಿಡಿಯುವುದರಿಂದ ಫೋಕಸ್ ತಡವರಿಸುವುದು ಕಡಿಮೆ.

ಮೆಗಾಪಿಕ್ಸೆಲ್ ನೋಡಿ 5ಡಿ ಮೇಲು ಎನ್ನುವವರು ಪ್ರಿಂಟಿನ ಲೆಕ್ಕ ಹಾಕಲಿ. ನಮ್ಮ ಕಡೆಯ ಮದುವೆ ಆಲ್ಬಂಗಳ ಒಂದೊಂದು ಪುಟ 12 x 18 ಇಂಚು. ಇಂಚಿಗೆ 300 ಚುಕ್ಕಿಯಂತೆ ಮುದ್ರಿಸಿದರೆ 5ಡಿ ಚಿತ್ರ ಹದಿನೆಂಟೂವರೆ ಇಂಚು ದಾಟುತ್ತದೆ, 7ಡಿ ಚಿತ್ರ ಹದಿನೇಳು ಇಂಚು ದಾಟುತ್ತದೆ. ಕಣ್ಣಿಗೆ ಈ ವ್ಯತ್ಯಾಸ ಕಾಣದು. ಇವೆರಡನ್ನು ಬೇರೆ ಮಾಡುವುದು ಪಿಕ್ಸೆಲ್‌ಗಳ ಒಟ್ಟು ಸಂಖ್ಯೆಗಿಂತ ಅವನ್ನು ಎಷ್ಟು ಜಾಗದಲ್ಲಿ ಹರಡಿದ್ದಾರೆ ಎಂಬುದು.

ದೂರದ ಪ್ರಾಣಿಗೆ 7ಡಿ

ಮೈದನಹಳ್ಳಿಯ ಬಯಲಿನಲ್ಲಿ ಕೃಷ್ಣಮೃಗ ಹತ್ತಿರ ಬಿಡುವುದಿಲ್ಲ. 400 ಮಿ.ಮೀ. ಲೆನ್ಸ್ ಹಾಕಿದರೂ ಫ್ರೇಮಿನ ಮೂಲೆಯಲ್ಲಿ ಸಣ್ಣದಾಗಿಯೇ ಕಾಣುತ್ತದೆ, ಆಮೇಲೆ ಕಂಪ್ಯೂಟರಿನಲ್ಲಿ ಸುತ್ತಲಿನದನ್ನು ಕತ್ತರಿಸಬೇಕು. 5ಡಿ ಮಾರ್ಕ್ 2ರ ಚಿತ್ರವನ್ನು 7ಡಿ ಸೆನ್ಸರಿನ ಅಳತೆಗೆ ಕತ್ತರಿಸಿದರೆ ಉಳಿಯುವುದು 8 ಮೆಗಾಪಿಕ್ಸೆಲ್ ಚಿಲ್ಲರೆ. ಅಷ್ಟೇ ಜಾಗದಲ್ಲಿ 7ಡಿ 18 ಮೆಗಾಪಿಕ್ಸೆಲ್ ಕೊಡುತ್ತದೆ. ಒಂದೇ ಲೆನ್ಸ್, ಒಂದೇ ದೂರ; ಆದರೂ ಪ್ರಾಣಿಯ ಎತ್ತರದ ಉದ್ದಕ್ಕೂ 7ಡಿಯಲ್ಲಿ ಸುಮಾರು ಒಂದೂವರೆ ಪಟ್ಟು ಹೆಚ್ಚು ಪಿಕ್ಸೆಲ್ ಬೀಳುತ್ತವೆ. ಕೊಂಬಿನ ಉಂಗುರಗಳು ಬಿಡಿಬಿಡಿಯಾಗಿ ಕಾಣುವುದಕ್ಕೂ ಕಲಸಿಹೋಗುವುದಕ್ಕೂ ಇರುವ ಅಂತರ ಇದು. 400 ಮಿ.ಮೀ. ಲೆನ್ಸ್ 7ಡಿಯಲ್ಲಿ 640 ಮಿ.ಮೀ. ಆಗುತ್ತದೆ ಎಂದು ಅಂಗಡಿಯವರು ಹೇಳುವುದುಂಟು. ಲೆನ್ಸ್ ಬದಲಾಗುವುದಿಲ್ಲ, ಕಾಣುವ ನೋಟದ ಅಗಲ ಕಿರಿದಾಗುತ್ತದೆ, ಅಷ್ಟೆ.

ವೇಗದ ಮಾತು ಇನ್ನೂ ಮುಖ್ಯ. ಬೆದರಿದ ಹಿಂಡು ಓಡುವಾಗ ಕೃಷ್ಣಮೃಗ ನಾಲ್ಕೂ ಕಾಲನ್ನು ನೆಲದಿಂದೆತ್ತಿ ಚಿಮ್ಮುತ್ತದೆ. ಮೈ ಪೂರ್ತಿ ಗಾಳಿಯಲ್ಲಿರುವ ಗಳಿಗೆ ಅರೆಕ್ಷಣದ್ದು. ಸೆಕೆಂಡಿಗೆ ನಾಲ್ಕು ಚಿತ್ರ ತೆಗೆಯುವ ಕ್ಯಾಮೆರಾದಲ್ಲಿ ಆ ಗಳಿಗೆ ಎರಡು ಚಿತ್ರಗಳ ನಡುವೆ ಜಾರಿಹೋಗುವುದೇ ಹೆಚ್ಚು, ಎಂಟು ತೆಗೆಯುವುದರಲ್ಲಿ ಸಿಕ್ಕುವ ಸಂಭವ ಜಾಸ್ತಿ. 2012ರಲ್ಲಿ ಬಂದ ಎರಡನೇ ಆವೃತ್ತಿಯ ಫರ್ಮ್‌ವೇರ್ ಹಾಕಿದ 7ಡಿ ಒಂದೇ ಉಸಿರಿನಲ್ಲಿ 25 ರಾ ಫೈಲ್ ಹಿಡಿಯಬಲ್ಲದು. ಹಳೆಯ ಕ್ಯಾಮೆರಾ ಕೊಂಡವರು ಮೊದಲು ಮೆನುವಿನಲ್ಲಿ ಫರ್ಮ್‌ವೇರ್ ಯಾವುದೆಂದು ನೋಡುವುದು ಒಳ್ಳೆಯದು. ಎಷ್ಟೋ ಜನ ಅದನ್ನು ಮುಟ್ಟಿಯೇ ಇರುವುದಿಲ್ಲ.

ಇಲ್ಲಿ ಇನ್ನೊಂದು ತೊಂದರೆ ಹುಲ್ಲಿನದು. ಪ್ರಾಣಿಯ ಮುಂದೆ ಅಡ್ಡ ನಿಂತ ಒಣಹುಲ್ಲಿನ ಎಳೆಗೆ ಫೋಕಸ್ ಹೋಗಿ ಕೂತರೆ ಹುಲ್ಲೆ ಮಂಜಾಗುತ್ತದೆ. 7ಡಿಯಲ್ಲಿ ಸ್ಪಾಟ್ ಫೋಕಸ್ ಎಂಬ ಆಯ್ಕೆಯಿದೆ. ಪಾಯಿಂಟಿನ ಅಳತೆಯನ್ನೇ ಅದು ಕಿರಿದು ಮಾಡುವುದರಿಂದ ಎರಡು ಎಳೆಗಳ ಸಂದಿನಲ್ಲಿ ಕಣ್ಣಿನ ಮೇಲೆ ಇಡಬಹುದು. ನಿಂತ ಪ್ರಾಣಿಗೆ ಅದು ಸರಿ. ಓಡುವುದಕ್ಕೆ ಆರಿಸಿದ ಪಾಯಿಂಟಿನ ಅಕ್ಕಪಕ್ಕದವೂ ಸಹಾಯಕ್ಕೆ ಬರುವ ವಿಸ್ತರಣೆ ಆಯ್ಕೆಯೇ ಬೇಕು. 5ಡಿಯಲ್ಲಿ ಸ್ಪಾಟ್ ಫೋಕಸ್ ಇಲ್ಲ. ಕಣ್ಣಿಗೆ ಕಾಣದ ಆರು ಸಹಾಯಕ ಪಾಯಿಂಟ್‌ಗಳು ನಡುವಿನದರ ಸುತ್ತ ಇವೆ, ಓಟದಲ್ಲಿ ಅವು ಕೊಂಚ ಆಸರೆ.

ಎಕ್ಸ್‌ಪೋಶರ್ ವಿಷಯದಲ್ಲಿ ಎರಡೂ ಕ್ಯಾಮೆರಾ ಸಮಾನ ಕಷ್ಟ ಕೊಡುತ್ತವೆ. ಬಲಿತ ಗಂಡು ಕೃಷ್ಣಮೃಗದ ಬೆನ್ನು ಕಪ್ಪು, ಹೊಟ್ಟೆ ಅಚ್ಚ ಬಿಳಿ, ಕಣ್ಣಿನ ಸುತ್ತ ಬಿಳಿ ಬಳೆ. ಬೆನ್ನಿಗೆ ಹೊಂದಿಸಿದರೆ ಹೊಟ್ಟೆ ಸುಟ್ಟುಹೋಗುತ್ತದೆ, ಹೊಟ್ಟೆಗೆ ಹೊಂದಿಸಿದರೆ ಬೆನ್ನು ಇದ್ದಿಲು. ಆ ಕಾಲದ ಕ್ಯಾನನ್ ಸೆನ್ಸರ್‌ಗಳಲ್ಲಿ ನೆರಳನ್ನು ಆಮೇಲೆ ಎತ್ತಿದರೆ ಗೆರೆಗೆರೆಯಾದ ಕಲೆ ಏಳುತ್ತದೆ. ಬೆಳಗಿನ ಓರೆ ಬಿಸಿಲಿನಲ್ಲಿ, ಬಿಳಿ ಸುಡದಷ್ಟು ಬೆಳಕು ಕೊಟ್ಟು ತೆಗೆಯುವುದೇ ಉಳಿದ ದಾರಿ. ಬಿಸಿಲೇರಿದ ಮೇಲಂತೂ ನೆಲದ ಝಳಕ್ಕೆ ಗಾಳಿಯೇ ಕುದಿದಂತಾಗಿ ಎಂಥ ಲೆನ್ಸಿನಲ್ಲೂ ಚೂಪು ಬರುವುದಿಲ್ಲ. ಅದಕ್ಕೆ ಕ್ಯಾಮೆರಾವನ್ನು ಬಯ್ದು ಪ್ರಯೋಜನವಿಲ್ಲ.

ಕಗ್ಗಲಡುವಿನಲ್ಲಿ ಕಷ್ಟ ಇಷ್ಟಿಲ್ಲ. ಕೊಕ್ಕರೆ ದೊಡ್ಡ ಹಕ್ಕಿ, ಗೂಡಿಗೆ ಬರುವ ದಾರಿ ಮೊದಲೇ ಗೊತ್ತಾಗುತ್ತದೆ, ಮರವೂ ಹತ್ತಿರ. ಅಲ್ಲಿ 5ಡಿಯಲ್ಲೂ ಒಳ್ಳೆಯ ಹಾರಾಟದ ಚಿತ್ರ ತೆಗೆಯಬಹುದು. ಗೂಡಿನಲ್ಲಿ ಮರಿ ಇರುವಾಗ ಮರದ ಬುಡಕ್ಕೆ ಹೋಗಿ ನಿಲ್ಲಬಾರದು ಎಂಬುದನ್ನು ಊರವರೇ ಹೇಳುತ್ತಾರೆ. ಕೇಳುವುದು ನಮ್ಮ ಕೆಲಸ.

ಚಿಂಕಾರದ ಮಾತು ಬೇರೆ

ಬುಕ್ಕಾಪಟ್ಟಣದ ಚಿಂಕಾರವನ್ನು 7ಡಿ ಹಿಡಿದು ತೆಗೆದುಬಿಡುತ್ತೇನೆ ಎಂದು ಹೊರಡುವವರಿಗೆ ಒಂದು ಮಾತು. ಇದು ಮಹಾ ಸಂಕೋಚದ ಪ್ರಾಣಿ, ಕುರುಚಲಿನ ಬಣ್ಣಕ್ಕೆ ಮೈಬಣ್ಣ ಬೆರೆತುಹೋಗಿರುತ್ತದೆ. ಇಲ್ಲಿ ಚಿಂಕಾರ ಇರುವುದನ್ನು ಚಿತ್ರಸಮೇತ ದಾಖಲಿಸಿದ್ದು ವನ್ಯಜೀವಿ ವಿಜ್ಞಾನಿ ಸಂಜಯ್ ಗುಬ್ಬಿ ಅವರ ತಂಡ ಇಟ್ಟಿದ್ದ ಕ್ಯಾಮೆರಾ ಟ್ರ್ಯಾಪ್‌ಗಳು. ಮರಕ್ಕೆ ಕಟ್ಟಿ ಬಿಟ್ಟ, ಲೆನ್ಸ್ ಬದಲಿಸಲಾಗದ ಸಣ್ಣ ಪೆಟ್ಟಿಗೆ ಮಾಡಿದ ಕೆಲಸ ಅದು. ಧಾಮದೊಳಗೆ ಛಾಯಾಗ್ರಹಣಕ್ಕೆ ಹೋಗುವುದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 28ನೇ ಕಲಂ ಪ್ರಕಾರ ಅನುಮತಿ ಬೇಕು. ಅರಣ್ಯ ಇಲಾಖೆಯ ಕಚೇರಿಗೆ ಹೋಗದೆ ನೇರ ಕಾಡಿಗೆ ನುಗ್ಗುವುದು ಅಪರಾಧ.

ಬೆಟ್ಟ, ಕೋಟೆ, ಕಲ್ಲಿಗೆ 5ಡಿ ಮಾರ್ಕ್ 2

ಮಧುಗಿರಿ ಬೆಟ್ಟದ ಎತ್ತರ 3,930 ಅಡಿ. ಒಂದೇ ಬಂಡೆಯಂತೆ ಮೇಲೆದ್ದು ನಿಂತ ಅದನ್ನು ಊರೊಳಗಿನಿಂದ ಫ್ರೇಮಿಗೆ ತುಂಬಿಸುವುದಕ್ಕೆ ಅಗಲ ಕೋನ ಬೇಕು. 5ಡಿ ಮಾರ್ಕ್ 2ಕ್ಕೆ 17-40 ಮಿ.ಮೀ. ಲೆನ್ಸ್ ಹಾಕಿದರೆ 17ರ ಪೂರ್ತಿ ಅಗಲ ಸಿಗುತ್ತದೆ. ಅದೇ ಲೆನ್ಸ್ 7ಡಿಯಲ್ಲಿ 27ರಷ್ಟು ಮಾತ್ರ ಕಾಣಿಸುತ್ತದೆ. ಬೆಟ್ಟದ ತುದಿಯೋ ಬುಡವೋ ಕತ್ತರಿಸಿಹೋಗುತ್ತದೆ. 7ಡಿಯಲ್ಲಿ ಆ ಅಗಲ ಬೇಕೆಂದರೆ ಕ್ರಾಪ್ ಸೆನ್ಸರಿಗೆಂದೇ ಮಾಡಿದ 10-22 ಮಿ.ಮೀ.ನ ಇಎಫ್-ಎಸ್ ಲೆನ್ಸ್ ಬೇರೆ ಕೊಳ್ಳಬೇಕು.

1696ರಲ್ಲಿ ಕಟ್ಟಿದ ಶಿರಾದ ಜುಮ್ಮಾ ಮಸೀದಿಯಂಥ ಕಲ್ಲುಕಟ್ಟಡದ ಮುಂದೆ ದೊಡ್ಡ ಸೆನ್ಸರಿನ ಇನ್ನೊಂದು ಗುಣ ಗೊತ್ತಾಗುತ್ತದೆ. ದೂರದ ವಸ್ತುವಿನಿಂದ ಹತ್ತಿರದವರೆಗೆ ಎಲ್ಲವೂ ಚೂಪಾಗಿರಲೆಂದು ಅಪರ್ಚರ್ ಕಿರಿದು ಮಾಡುತ್ತೇವಷ್ಟೆ. 7ಡಿಯ ಒತ್ತೊತ್ತಾದ ಪಿಕ್ಸೆಲ್‌ಗಳಲ್ಲಿ ಎಫ್ 8 ದಾಟಿದಂತೆ ಡಿಫ್ರ್ಯಾಕ್ಷನ್‌ನಿಂದ ಚಿತ್ರ ಮೆಲ್ಲಗೆ ಮೃದುವಾಗತೊಡಗುತ್ತದೆ; 5ಡಿಯಲ್ಲಿ ಎಫ್ 11ರವರೆಗೂ ಹೆದರಿಕೆಯಿಲ್ಲ. ಉಳಿಯ ಗುರುತು, ಕಲ್ಲಿನ ಕಾಳು ನೆತ್ತಿಯ ಬಿಸಿಲಲ್ಲದ ಹೊತ್ತಿನಲ್ಲಿ ಚೆನ್ನಾಗಿ ಮೂಡುತ್ತವೆ. ನೆರಳು ಬೆಳಕು ಎರಡೂ ಗಾಢವಾಗಿದ್ದರೆ ಟ್ರೈಪಾಡ್ ಮೇಲಿಟ್ಟು ಬ್ರ್ಯಾಕೆಟಿಂಗ್‌ನಲ್ಲಿ ಮೂರು ಚಿತ್ರ ತೆಗೆದು ಬೆರೆಸಿಕೊಳ್ಳಬಹುದು. ಎರಡೂ ಕ್ಯಾಮೆರಾಗಳಲ್ಲಿ ಆ ಸೌಲಭ್ಯವಿದೆ.

ಮದುವೆ ಮತ್ತು ಜಾತ್ರೆ

ಈ ಸೀಮೆಯಲ್ಲಿ ಕ್ಯಾಮೆರಾ ಅನ್ನ ಕೊಡುವುದು ಹುಲ್ಲೆಯಿಂದಲ್ಲ, ಮದುವೆಯಿಂದ. ಆರತಕ್ಷತೆಯ ರಾತ್ರಿ, ಛತ್ರದ ಮಂದ ಬೆಳಕು, ಜಾತ್ರೆಯ ಪಂಜು ಇಂಥ ಕಡೆ 5ಡಿ ಮಾರ್ಕ್ 2 ಮೇಲುಗೈ. ಐಎಸ್‌ಒ 3200ರಲ್ಲೂ ಮುಖದ ಬಣ್ಣ ಕೆಡುವುದಿಲ್ಲ. 7ಡಿಯಲ್ಲಿ 1600 ದಾಟಿದರೆ ರವೆ ರವೆ ಕಾಣತೊಡಗುತ್ತದೆ. 85 ಮಿ.ಮೀ. ಎಫ್ 1.8 ಲೆನ್ಸ್ ಹಾಕಿದರೆ ಮದುಮಗಳ ಹಿಂದಿನ ಪ್ಲಾಸ್ಟಿಕ್ ಕುರ್ಚಿಗಳ ಸಾಲು ಕರಗಿಹೋಗುತ್ತದೆ. ಛತ್ರದ ಫೋಟೊಗ್ರಾಫರಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ.

ಆದರೆ ಮಬ್ಬಿನಲ್ಲಿ 5ಡಿಯ ಅಂಚಿನ ಫೋಕಸ್ ಪಾಯಿಂಟ್‌ಗಳನ್ನು ನಂಬುವಂತಿಲ್ಲ. ನಡುವಿನದರಲ್ಲಿ ಫೋಕಸ್ ಹಿಡಿದು ಕ್ಯಾಮೆರಾ ತಿರುಗಿಸಿ ಕ್ಲಿಕ್ಕಿಸುವ ಅಭ್ಯಾಸ ಹೀಗೆ ಬಂತು. ಎಫ್ 1.8ರಲ್ಲಿ ಹಾಗೆ ತಿರುಗಿಸಿದರೆ ಕಣ್ಣಿನ ಬದಲು ಕಿವಿಯೋಲೆ ಚೂಪಾಗುವ ಅಪಾಯವಿದೆ, ಎಫ್ 2.8ಕ್ಕೆ ಇಳಿಸಿಕೊಳ್ಳುವುದು ಜಾಣತನ. 7ಡಿಗೆ ತಲೆಯ ಮೇಲೆ ಪುಟ್ಟ ಫ್ಲ್ಯಾಶ್ ಇದೆ, ಬೇರೆ ಕಡೆ ನಿಲ್ಲಿಸಿದ ಕ್ಯಾನನ್ ಫ್ಲ್ಯಾಶ್‌ಗಳನ್ನು ಅದು ವೈರಿಲ್ಲದೆ ಬೆಳಗಿಸುತ್ತದೆ. 5ಡಿಯಲ್ಲಿ ಫ್ಲ್ಯಾಶೇ ಇಲ್ಲ, ಟ್ರಿಗರ್ ಬೇರೆ ಕೊಳ್ಳಬೇಕು.

ವಿಡಿಯೊ

ಡಿಎಸ್‌ಎಲ್‌ಆರ್‌ನಲ್ಲಿ ಫುಲ್ ಎಚ್‌ಡಿ ವಿಡಿಯೊ ತಂದ ಮೊದಲ ಕ್ಯಾಮೆರಾ 5ಡಿ ಮಾರ್ಕ್ 2. ಅಮೆರಿಕದ ‘ಹೌಸ್’ ಧಾರಾವಾಹಿಯ 2010ರ ಒಂದು ಕಂತನ್ನು ಇದರಲ್ಲೇ ಚಿತ್ರೀಕರಿಸಿದ್ದರು. ಇವತ್ತು ಆ ಹೆಮ್ಮೆ ಇತಿಹಾಸಕ್ಕೆ ಸೇರಿದ್ದು. ಎರಡರಲ್ಲೂ ವಿಡಿಯೊ ನಡೆಯುವಾಗ ಫೋಕಸ್ ತಾನಾಗಿ ಹಿಂಬಾಲಿಸುವುದಿಲ್ಲ, 4 ಜಿಬಿ ತುಂಬಿದರೆ ರೆಕಾರ್ಡಿಂಗ್ ನಿಲ್ಲುತ್ತದೆ. ವಿಡಿಯೊಗೆಂದು ಯಾರೂ ಇವನ್ನು ಈಗ ಕೊಳ್ಳಬೇಕಾಗಿಲ್ಲ.

ಲೆನ್ಸ್ ಲೆಕ್ಕ

ಇಎಫ್ ಲೆನ್ಸ್‌ಗಳು ಎರಡಕ್ಕೂ ಕೂರುತ್ತವೆ. ಇಎಫ್-ಎಸ್ ಲೆನ್ಸ್‌ಗಳು 7ಡಿಗೆ ಮಾತ್ರ; 5ಡಿಗೆ ಅವು ಸಿಕ್ಕಿಸಲೂ ಬರುವುದಿಲ್ಲ. ಅಗ್ಗದ ಕಿಟ್ ಲೆನ್ಸ್‌ಗಳೆಲ್ಲ ಬಹುಪಾಲು ಇಎಫ್-ಎಸ್ ಆದ್ದರಿಂದ 5ಡಿ ಕೊಂಡವರ ಖರ್ಚು ಕ್ಯಾಮೆರಾಗೇ ಮುಗಿಯುವುದಿಲ್ಲ.

ಪ್ರಾಣಿಗೆ ಎರಡು ಹಳೆಯ ಕ್ಯಾನನ್ ಲೆನ್ಸ್ ಹೆಸರಾಗಿವೆ. 1993ರ 400 ಮಿ.ಮೀ. ಎಫ್ 5.6 ಹಗುರ, ಚೂಪು, ಫೋಕಸ್ ಚುರುಕು. ಆದರೆ ಕೈನಡುಕ ತಡೆಯುವ ವ್ಯವಸ್ಥೆ ಇಲ್ಲ. 1998ರ 100-400ರಲ್ಲಿ ಆ ವ್ಯವಸ್ಥೆಯಿದೆ. ಜೂಮ್ ಮಾಡಲು ಕೊಳವೆಯನ್ನು ಎಳೆದು ತಳ್ಳಬೇಕು, ಹಾಗೆ ಮಾಡುವಾಗ ಗಾಳಿಯ ಜೊತೆ ಧೂಳೂ ಒಳಸೇರುತ್ತದೆ ಎಂಬ ದೂರು ಅದಕ್ಕೆ ಅಂಟಿಕೊಂಡಿದೆ. ಶಿರಾ, ಪಾವಗಡದ ಬೇಸಿಗೆ ಧೂಳಿಗೆ ನನ್ನ ಓಟು 400ಕ್ಕೆ. ಜೀಪಿನ ಕಿಟಕಿಯ ಮೇಲೆ ರಾಗಿ ತುಂಬಿದ ಬಟ್ಟೆಚೀಲವಿಟ್ಟು ಅದರ ಮೇಲೆ ಲೆನ್ಸ್ ಊರಿದರೆ ನಡುಕದ ಚಿಂತೆಯೂ ತೀರುತ್ತದೆ.

ಕೊಳ್ಳುವ ಮುನ್ನ

ಈ ಎರಡು ಮಾದರಿಗಳಲ್ಲಿ ಎಷ್ಟು ಕ್ಲಿಕ್ ಆಗಿದೆ ಎಂಬುದು ಫೋಟೊ ಫೈಲಿನಲ್ಲಿ ದಾಖಲಾಗುವುದಿಲ್ಲ. ಯುಎಸ್‌ಬಿ ಕೇಬಲ್ಲಿನಿಂದ ಕಂಪ್ಯೂಟರಿಗೆ ಜೋಡಿಸಿ ಅದಕ್ಕೆಂದೇ ಇರುವ ಸಾಫ್ಟ್‌ವೇರ್‌ನಲ್ಲಿ ನೋಡಬೇಕು. ಮಾರುವವರು ಬಾಯಿಮಾತಿನಲ್ಲಿ ಹೇಳಿದ ಸಂಖ್ಯೆಗೆ ಬೆಲೆ ಕೊಡಬೇಡಿ. ಕಾರ್ಡ್ ಹಾಕುವ ಕಿಂಡಿಗೆ ಟಾರ್ಚ್ ಬಿಟ್ಟು ಸೂಜಿಯಂಥ ಪಿನ್‌ಗಳಲ್ಲಿ ಒಂದಾದರೂ ಬಾಗಿದೆಯೇ ನೋಡಿ. ಕಾಂಪ್ಯಾಕ್ಟ್ ಫ್ಲ್ಯಾಶ್ ಕ್ಯಾಮೆರಾಗಳ ದುರ್ಬಲ ಜಾಗ ಅದು. ಎಫ್ 16ಕ್ಕೆ ಇಟ್ಟು ಬರಿಯ ಆಕಾಶದ ಚಿತ್ರ ತೆಗೆದರೆ ಸೆನ್ಸರಿನ ಮೇಲಿನ ಧೂಳು ಕಪ್ಪು ಚುಕ್ಕಿಗಳಾಗಿ ಕಾಣುತ್ತದೆ. ಧೂಳು ಒರೆಸಿದರೆ ಹೋಗುತ್ತದೆ, ಗೀರಾದರೆ ಹೋಗದು. ಇಷ್ಟು ಹಳೆಯ ಮಾದರಿಗೆ ಮೂಲ ಬಿಡಿಭಾಗ ಸಿಗುವುದು ಕಷ್ಟವಾದ್ದರಿಂದ, ಕೆಟ್ಟದ್ದನ್ನು ಅಗ್ಗಕ್ಕೆ ಕೊಂಡು ರಿಪೇರಿ ಮಾಡಿಸುವ ಲೆಕ್ಕಾಚಾರ ಬೇಡ.

ಯಾವುದು ಯಾರಿಗೆ

ಸ್ಟುಡಿಯೊ ಇಟ್ಟವರಿಗೆ, ಕೋಟೆ ದೇವಸ್ಥಾನಗಳ ದಾಖಲೆ ಮಾಡುವವರಿಗೆ, ಮುಖಚಿತ್ರದ ಹುಚ್ಚಿರುವವರಿಗೆ 5ಡಿ ಮಾರ್ಕ್ 2. ಹಕ್ಕಿ, ಪ್ರಾಣಿ, ಕಬಡ್ಡಿ ಪಂದ್ಯಕ್ಕೆ 7ಡಿ. ಒಂದನ್ನೇ ಕೊಳ್ಳಬಲ್ಲ ಶಿರಾ ಕಡೆಯ ಹುಡುಗನಿಗೆ ನಾನು 7ಡಿಯನ್ನೇ ಹೇಳುತ್ತೇನೆ. ಬೆಟ್ಟದ ಅಗಲ ನೋಟವನ್ನೂ ಹಗಲಿನ ಕೋಟೆಯನ್ನೂ ಇವತ್ತಿನ ಮೊಬೈಲು ಚೆನ್ನಾಗಿಯೇ ತೆಗೆಯುತ್ತದೆ. ಇನ್ನೂರು ಅಡಿ ದೂರದ ಕೃಷ್ಣಮೃಗದ ಕಣ್ಣನ್ನು ಅದು ತೆಗೆಯದು. ಕ್ಯಾಮೆರಾಗೆ ಆದಷ್ಟು ಕಡಿಮೆ ಕೊಟ್ಟು ಉಳಿದ ಹಣವನ್ನು ಇಎಫ್ ಲೆನ್ಸಿಗೆ ಹಾಕಲಿ. ನಾಳೆ ಮದುವೆ ಕೆಲಸ ಸಿಕ್ಕಿ 5ಡಿ ಮಾರ್ಕ್ 2 ಸೇರಿಸಿಕೊಂಡರೆ ಅದೇ ಲೆನ್ಸ್, ಅದೇ ಬ್ಯಾಟರಿ, ಅದೇ ಕಾರ್ಡ್ ನಡೆಯುತ್ತದೆ.