ಬೂದು ಕುದುರೆ

ಬೂದು ಕುದುರೆ ಎಂದರೆ ಕಪ್ಪು, ಕಂದು ಅಥವಾ ಕೆಂಗಂದು ಬಣ್ಣದಲ್ಲಿ ಹುಟ್ಟಿ, ವರ್ಷಗಳು ಕಳೆದಂತೆ ಬೆಳ್ಳಗಾಗುವ ಕುದುರೆ. ಬಿಳಿ ಕುದುರೆಗಳೆಂದು ಕರೆಯಲಾಗುವ ಬಹುಪಾಲು ಕುದುರೆಗಳು ವಾಸ್ತವವಾಗಿ ಇವೇ. ಕೂದಲು ಬೆಳ್ಳಗಾದರೂ ಚರ್ಮ ಕಪ್ಪಾಗಿಯೇ ಉಳಿಯುತ್ತದೆ. ಟಿಪ್ಪು ಸುಲ್ತಾನನ ಕಾಲದಿಂದ ಕುದುರೆ ಸಾಕಣೆಗೆ ಹೆಸರಾದ, ತುಮಕೂರು ಜಿಲ್ಲೆಯ ಕುಣಿಗಲ್‌ನಲ್ಲಿ ಪಂದ್ಯಗಳಿಗಾಗಿ ಬೆಳೆಸಲಾದ ಥರೋಬ್ರೆಡ್ ತಳಿಯಲ್ಲಿಯೂ ಈ ಬಣ್ಣವುಂಟು.

ಎಸ್‌ಟಿಎಕ್ಸ್17 ಎಂಬ ವಂಶವಾಹಿಯಲ್ಲಿ ಡಿಎನ್‌ಎಯ ಒಂದು ತುಣುಕು ಇಮ್ಮಡಿಯಾಗಿರುವುದೇ ಇದಕ್ಕೆ ಕಾರಣವೆಂದು 2008ರಲ್ಲಿ ತಿಳಿದುಬಂದಿತು. ಈ ಗುಣ ಪ್ರಬಲವಾದುದರಿಂದ ತಂದೆ ಅಥವಾ ತಾಯಿಯಿಂದ ಒಂದು ಪ್ರತಿ ಬಂದರೂ ಸಾಕು. ಎರಡು ಪ್ರತಿಗಳಿದ್ದರೆ ಕುದುರೆ ಬೇಗ ಬೆಳ್ಳಗಾಗುತ್ತದೆ.

ಇದೇ ವಂಶವಾಹಿಯಿಂದಾಗಿ ಬೂದು ಕುದುರೆಗಳಲ್ಲಿ ವಯಸ್ಸಾದಂತೆ ಮೆಲನೋಮ ಎಂಬ ಚರ್ಮದ ಗಡ್ಡೆಗಳು ಹೆಚ್ಚಾಗಿ, ವಿಶೇಷವಾಗಿ ಬಾಲದ ಕೆಳಗೆ, ಕಾಣಿಸಿಕೊಳ್ಳುತ್ತವೆ. ಆದ್ದರಿಂದ ಆ ಭಾಗವನ್ನು ಆಗಾಗ ಪರೀಕ್ಷಿಸುವುದು ಅಗತ್ಯ.